ಒಬ್ಬನೇ ಬಳಿದ ತಾರಸಿ

ಇಸ್ಫರಾ ಪೇಟೆಯ ಚಹಾಖಾನೆಯ ಯಜಮಾನ ಹೋಶಿಮನಿಗಿದ್ದ ಕೊರಗು ಒಂದೇ: ತಾರಸಿ. ಅಪ್ಪನ ಕಾಲದಲ್ಲಿ ಹಾಸಿದ ಡಾಂಬರು ಹಾಳೆ ಬಿಸಿಲಿಗೆ ಬಿರಿದು, ಮಳೆ ಬಂದಾಗಲೆಲ್ಲ ಗಿರಾಕಿಗಳ ಬಟ್ಟಲಿಗೆ ಬಿಟ್ಟಿ ನೀರು ಬೆರೆಸುತ್ತಿತ್ತು. (ಚಹಾ ತೆಳ್ಳಗಿದೆ ಎಂದು ದೂರಿದವರಿಗೆ 'ಎಲ್ಲ ಮೇಲಿನವನ ಕೃಪೆ' ಎಂದು ಅವನು ಸಮಜಾಯಿಷಿ ಕೊಡುತ್ತಿದ್ದ.) ಹೋದ ಚಳಿಗಾಲದಲ್ಲಿ, ದಿನಾ ಬಂದು ಕೂರುವ ಮುದುಕರ ಪೈಕಿ ನಜ್ಮಿದ್ದೀನಜ್ಜನ ಟೋಪಿಯೇ ತೊಯ್ದುಹೋದಾಗ ಮುದುಕ ಎಲ್ಲರೆದುರು ಹೇಳಿಬಿಟ್ಟ:

"ಬರೋ ಮಳೆಗಾಲ ನಮ್ಮ ಮೇಲೆ ಒಂದು ಹನಿ ಬಿದ್ರೂ ಎದುರಿನ ಹೊಸ ಅಂಗಡಿಗೆ ಹೋಗೋದೇ. ಅಲ್ಲಿ ಚಹಾ ಕುಡಿಯೋ ಹಾಗಿಲ್ಲ, ನಿಜ. ಆದ್ರೆ ತಲೆ ಒಣಗಿರುತ್ತೆ."

ಹೋಶಿಮ ಚಹಾ ಬಗ್ಗಿಸುವುದನ್ನೇ ನಿಲ್ಲಿಸಿದ. ಆ ಮುದುಕರೆಲ್ಲ ಅಪ್ಪನ ಗೆಳೆಯರು. ಅವರು ಎದ್ದುಹೋದರೆ ಅಪ್ಪ ಇನ್ನೊಮ್ಮೆ ಸತ್ತಂತೆಯೇ ಸರಿ.

"ಹಶರ್ ಕರೀರಿ," ಎಂದಳು ಹೆಂಡತಿ ಸಾದತ್. "ಬೀದಿಯವರೆಲ್ಲ ಸೇರಿದ್ರೆ ಸಂಜೆಯಾಗೋದ್ರಲ್ಲಿ ಮುಗಿಯುತ್ತೆ. ಕೂಲಿ ಕೇಳೋರಿಲ್ಲ. ಒಂದು ಕಡಾಯಿ ಓಶ್ ಮಾಡಿ ಬಡಿಸಿದ್ರಾಯ್ತು."

"ಬೇಡ ಮಾರಾಯ್ತಿ! ಹಿಂದಿನ ಹಶರ್ ಮರೆತ್ಯಾ? ಅನ್ನ ಮಾಂಸ ತಿಂದು, ತಲೆಗೊಂದು ಸಲಹೆ ಕೊಟ್ಟು ಹೋದ್ರು. ಸೋರೋದು ಎರಡರಷ್ಟಾಯ್ತು."

"ಸಲಹೆ ಅವ್ರದ್ದೇ. ಹಾಳೆ ಹಾರಬಾರ್ದು ಅಂತ ಉದ್ದಕ್ಕೂ ಮೊಳೆ ಹೊಡೆದೋರು ಯಾರು?"

(ಆ ವಿಷಯ ಬೇರೆ.)

"ಈ ಸಲ ನಾನೊಬ್ನೇ ಮಾಡ್ತೀನಿ!" ಎಂದು ಹೋಶಿಮ ಘನಘೋರ ಪ್ರತಿಜ್ಞೆ ಮಾಡಿದ.

ಮಾಡಿಯೂ ಮಾಡಿದ. ತಾರಸಿ ಗುಡಿಸಿ, ತಿಕ್ಕಿ ತೊಳೆದು, ಬಿರುಕುಗಳಿಗೆ ಬಟ್ಟೆಪಟ್ಟಿ ಅಂಟಿಸಿದ. ಖುಜಂದ ಪಟ್ಟಣದಿಂದ ತಂದ ಬಿಳಿ ಬಣ್ಣ ಗಂಜಿಯಷ್ಟು ಗಟ್ಟಿ, ಒಣಗಿದರೆ ರಬ್ಬರು. ಒಂದು ಕೈ ಬಳಿದು ಒಣಗಿಸಿ, ಮತ್ತೆ ಅಡ್ಡಡ್ಡ ಇನ್ನೊಂದು ಕೈ. ದೂರದ ಅಂಚಿನಿಂದ ಹಿಂದೆ ಹಿಂದೆ ಸರಿಯುತ್ತ, ಚಹಾದ ನೀರು ಕಾಯಿಸುವ ಸಮೋವಾರಿನ ನೆತ್ತಿಯ ಮೇಲಿದ್ದ ಏಣಿ ಕಿಂಡಿಯ ತನಕ ಬಂದ. ಕಾಲಕೆಳಗೆ ಇನ್ನೊಂದು ಚಾಪೆಯಗಲ ಜಾಗ ಉಳಿದಿತ್ತು. ಅಷ್ಟರಲ್ಲಿ ಕೆಳಗಿನಿಂದ ಸಾದತ್ ಕೂಗಿದಳು.

"ಮುಗೀತಾ? ಜರ್ದಾಳು ಹಣ್ಣು ಕಳಿತು ಉದುರ್ತಾ ಇದೆ ರೀ! ಒಣ ಹಾಕೋಕೆ ಜಾಗ ಬೇಕು."

ಪ್ರತಿ ಬೇಸಿಗೆ ಆ ತಾರಸಿ ಅವಳ ಹಣ್ಣಿನದು. ಅಲ್ಲಿ ಒಣಗಿದ ಜರ್ದಾಳನ್ನೇ ವರ್ಷವಿಡೀ ಚಹಾದ ಜೊತೆ ಮುದುಕರಿಗೆ ಕೊಡುತ್ತಿದ್ದದ್ದು.

"ಮುಗೀತು!" ಎಂದ ಹೋಶಿಮ. (ಹೆಂಡತಿಯ ಮುಂದೆ 'ಇನ್ನೂ ಸ್ವಲ್ಪ ಇದೆ' ಎನ್ನುವ ಪದ್ಧತಿ ಇಸ್ಫರಾದ ಗಂಡಸರಲ್ಲೂ ಇಲ್ಲ.) "ಈ ಸಲ ಚಾಪೆನೂ ಬೇಡ ಕಣೇ, ನೆಲದ ಮೇಲೇ ಸುರಿ. ನಾಲಿಗೇಲಿ ನೆಕ್ಕೋ ಅಷ್ಟು ಚೊಕ್ಕವಾಗಿದೆ!"

ಗಂಡನ ಮಾತನ್ನು ಸಾದತ್ ಕೇಳಿದ್ದು ಅಪರೂಪ, ಕೇಳಿದ್ದು ಅವತ್ತೇ. ಮರುದಿನ ಬೆಳಿಗ್ಗೆ ನಾದಿನಿಯರ ಜೊತೆ ಕೂತು ಬುಟ್ಟಿಗಟ್ಟಲೆ ಹಣ್ಣು ಸೀಳಿ, ಬೀಜ ತೆಗೆದು, ಬಿಳಿ ತಾರಸಿಯ ತುಂಬ ಹರಡಿದಳು. ಮೇಲೆ ಒಣಗಿದಂತೆ ಕಾಣುತ್ತಿದ್ದ ಬಣ್ಣ ಒಳಗೆ ಇನ್ನೂ ಹಸಿಯಾಗಿತ್ತು. ಸಂಜೆ ಹಣ್ಣು ಮಗುಚಲು ಹೋದರೆ ಒಂದೂ ಏಳಲಿಲ್ಲ.

ಗಂಡ ಹೆಂಡತಿ ಮೊಣಕಾಲೂರಿ ಚಾಕುವಿನಲ್ಲಿ ಹಣ್ಣು ಕೆರೆದರು. ಸಾದತ್ ಬೈಯಲಿಲ್ಲ. ಬೈದಿದ್ದರೆ ಅವನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ.

"ಮುಗೀತು ಅಂದ್ರಿ," ಎಂದಳು ಕೊನೆಗೆ. "ನಂಬಿದೆ."

ವರ್ಷದ ಹಣ್ಣು ತಿಪ್ಪೆ ಸೇರಿತು. ಹಣ್ಣಿನ ಜೊತೆ ಬಣ್ಣ ಕಿತ್ತು ಬಂದ ಕಡೆಯಲ್ಲೆಲ್ಲ ಅವನು ಮತ್ತೆ ಬಣ್ಣ ಹಚ್ಚಿದ, ಒಬ್ಬನೇ. ಕಿಂಡಿಯ ಬಳಿಯ ಚಾಪೆಯಗಲ ಜಾಗ ಆ ಗಡಿಬಿಡಿಯಲ್ಲಿ ಮರೆತೇಹೋಯಿತು.

ಮಳೆಗಾಲದ ಮೊದಲ ಮಳೆಗೆ ಮುದುಕರೆಲ್ಲ ಬಂದು, ಒಳಗೆ ಕೂತು ಛತ್ರಿ ಬಿಚ್ಚಿದರು. ಹೋಶಿಮ ಸೂರನ್ನೇ ನೋಡುತ್ತ ಚಹಾ ಬಗ್ಗಿಸಿದ. ಮೇಲೆ ಮಳೆ ಧೋ ಎಂದು ಸುರಿಯಿತು. ಒಂದೊಂದಾಗಿ ಛತ್ರಿಗಳು ಮುಚ್ಚಿದವು. ನಜ್ಮಿದ್ದೀನಜ್ಜ ಅಂಗೈ ಚಾಚಿ ಕಾದ. ಒಂದು ಹನಿಯೂ ಇಲ್ಲ.

ಹೋಶಿಮ ಸಮೋವಾರಿನ ಪಕ್ಕ ಎದೆ ಸೆಟೆಸಿ ನಿಂತ. "ನೋಡಿದ್ರಾ ಅಜ್ಜ! ಯಾರ ಹಂಗೂ ಇಲ್ದೆ, ನಾನೊಬ್ನೇ..."

ಟಪ್. ಮೂಗಿನ ಮೇಲೆ. ಮತ್ತೆ ಟಪ್.

ಅಜ್ಜ ಮೇಲೆ ನೋಡಿದ, ಹೋಶಿಮನನ್ನು ನೋಡಿದ.

"ಕೂತ್ಕೊಳ್ರಪ್ಪ, ನಾವೆಲ್ಲೂ ಹೋಗೋದಿಲ್ಲ," ಎಂದ. "ನ್ಯಾಯವಾಗೇ ಇದೆ. ಒಬ್ನೇ ಬಳಿದ, ಒಬ್ನಿಗೇ ಸೋರ್ತಾ ಇದೆ."

ನಗು ಇನ್ನೂ ನಿಂತಿರಲಿಲ್ಲ. ಸಾದತ್ ಅಡುಗೆಮನೆಯಿಂದ ಬಂದು ಅಜ್ಜನ ಛತ್ರಿ ಇಸಿದುಕೊಂಡು, ಗಂಡನ ತಲೆಯ ಮೇಲೆ ಹಿಡಿದಳು.

ಹೋಶಿಮ ಮೂಗು ಒರೆಸಿಕೊಂಡ.

"ಓಶ್‌ಗೆ ಅಕ್ಕಿ ನೆನೆಹಾಕು, ಬೀದಿಯವರಿಗೆಲ್ಲ ಆಗ್ಬೇಕು," ಎಂದ.