ಒಂದೇ ಮನೆ, ಎರಡು ಇನಿಷಿಯಲ್ಲು

ಶಿಕಾರಿಪುರದ ನನ್ನ ತಂಗಿಯ ಮನೆಯ ಪಡಸಾಲೆಯಲ್ಲಿ ಆ ಸಂಜೆ ಇದ್ದವರು ಮೂವರೇ: ತಂಗಿ, ಅವಳ ಮಗಳು ಸುಧಾ, ಸೋದರಮಾವನೆಂಬ ಅಧಿಕಾರದಲ್ಲಿ ನಾನು. ಹಿಂದಿನ ದಿನ ಸೊರಬದ ಕಡೆಯ ಹೊಸಬಾಳೆಯಿಂದ ಗಂಡಿನವರು ಬಂದು ಸುಧಾಳನ್ನು ನೋಡಿ ಹೋಗಿದ್ದರು. ನಾನು ಊರಲ್ಲಿರಲಿಲ್ಲ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಉಳಿದ ಸಿಹಿ ತಿಂದು ಎದ್ದು ಹೋಗಬೇಕಾದವನು ನಾನು, ಮೊಬೈಲಿಗೆ ಬಂದಿದ್ದ ಅವರ ಮನೆಯ ವಿವರ ಓದಿದೆ. ಹುಡುಗ ಟಿ. ಎಂ. ಪ್ರಭು. ಅವನ ಸ್ವಂತ ಅಣ್ಣ ಹೆಚ್. ಎಂ. ನಾಗರಾಜ. ಒಂದೇ ತಾಯಿ ಮಕ್ಕಳಿಗೆ ಎರಡು ಊರಿನ ಅಕ್ಷರವೇ?

ನಮ್ಮ ಕಡೆ ಹೆಸರಿನ ಮುಂದೆ ಮೊದಲು ಊರು, ಆಮೇಲೆ ಅಪ್ಪ. ಆದರೆ ಆ ಒಂದಕ್ಷರ ನಂಬಿ ಯಾರನ್ನೂ ಹಿಡಿಯಲಾಗದು. ಎಸ್ ಒಂದರಲ್ಲೇ ಶಿಕಾರಿಪುರ, ಸೊರಬ, ಸಾಗರ, ಶಿವಮೊಗ್ಗ ನಾಲ್ಕೂ ಹಾಸಿಕೊಂಡು ಮಲಗಿವೆ. ಎಂ ಎಂಬ ಅಪ್ಪ ಮಲ್ಲಪ್ಪನೂ ಇರಬಹುದು, ಮುರಿಗೆಪ್ಪನೂ ಇರಬಹುದು. ಇಬ್ಬರಿಗೂ ಬೇರೆ ಬೇರೆ ಎಂ ಆಗಿದ್ದರೆ? “ದತ್ತಕವೋ, ಎರಡನೇ ಸಂಬಂಧವೋ, ಏನೋ ಮುಚ್ಚಿಟ್ಟಿದಾರೆ” ಎಂದೆ. “ಅಣ್ಣಾ, ನಿಂಗೆ ಗಾಳಿ ಬೀಸಿದ್ರೂ ಅನುಮಾನ” ಎಂದು ತಂಗಿ ಬೈದಳು. ಸುಧಾ ತಟ್ಟೆ ಎತ್ತುತ್ತಾ, “ಮಾವ, ಕೇಳೋದಾದ್ರೆ ನೆಟ್ಟಗೆ ಕೇಳಿ. ಇದು ಮುರಿದ್ರೆ ನಾನು ಇನ್ನೊಬ್ರ ಮುಂದೆ ಕಾಫಿ ಹಿಡ್ಕೊಂಡು ನಿಲ್ಲಲ್ಲ” ಎಂದಳು.

ನೆಟ್ಟಗೆ ಕೇಳುವುದು ನನ್ನ ಜಾಯಮಾನವಲ್ಲ. ಮರುದಿನವೇ ಹೊಸಬಾಳೆಗೆ ಹೋಗಿ, ಗುಡವಿ ಪಕ್ಷಿಧಾಮದ ಹಕ್ಕಿ ನೋಡಲು ಹೊರಟವನಂತೆ ಚಹಾದಂಗಡಿಯಲ್ಲಿ ಕೂತು, “ಇಲ್ಲಿ ಪ್ರಭು ಅಂತ ಒಬ್ರು ಇದಾರಂತಲ್ಲ, ಅವ್ರು ಆ ಮನೆಯವರ ಸ್ವಂತ ಮಗನೇನಾ?” ಎಂದು ಗಾಳ ಹಾಕಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಲೋಟ ಕೆಳಗಿಟ್ಟರು.

“ನನ್ ಮಗನೇ ರೀ. ನೀವು ಹೆಣ್ಣಿನ ಕಡೆಯೋರಾ?”

ನನ್ನ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ; ಆಗಿದ್ದರೇ ಚೆನ್ನಾಗಿತ್ತು. “ಚಿಕ್ಕೋನು ತಾಳಗುಂದದಲ್ಲಿ ಅಜ್ಜಿ ಮನೇಲಿ ಬೆಳ್ದ. ಶಾಲೆಗೆ ಸೇರಿಸೋ ದಿನ ಮೇಷ್ಟ್ರು ಯಾವೂರೋ ಅಂದ್ರು, ಇವ್ನು ತಾಳಗುಂದ ಅಂದ. ಹಂಗೇ ಬರ್ಕಂಡ್ರು. ಹಕ್ಕಿ ಆಮೇಲೆ ನೋಡೀರಂತೆ, ಮನೆಗೆ ಬನ್ನಿ, ಉಂಡ್ಕಂಡು ಹೋಗಿ” ಎಂದರು. ಊಟಕ್ಕೆ ಕೂತಾಗಲೂ ಅಣ್ಣತಮ್ಮಂದಿರ ಮೂಗನ್ನು ಕದ್ದು ಕದ್ದು ಹೋಲಿಸಿದೆ. ಇಬ್ಬರದೂ ಅಪ್ಪನದೇ ಮೂಗು.

ಮದುವೆಯಾಯಿತು. ಮುಂದೆ ಸುಧಾಳ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಬೀಗರು ಎಲ್ಲರೆದುರು, “ಹೆಸರು ನಾವಿಡ್ತೀವಿ. ಇನಿಷಿಯಲ್ ಮಾತ್ರ ಮಾವನೋರೇ ವಿಚಾರಿಸಿ ಇಡ್ಲಿ” ಎಂದರು. ಎಲ್ಲರೂ ನಕ್ಕರು, ಸುಧಾ ಎಲ್ಲರಿಗಿಂತ ಜೋರಾಗಿ. ನಾನು ತಲೆ ತಗ್ಗಿಸಿ ತೊಟ್ಟಿಲು ತೂಗಿದೆ.