ಕಂಪ್ಯೂಟರಿನೊಳಗಿನ ಕೌದಿ

ಸಿಟ್ಟು ಬರಲು ಮನುಷ್ಯನಿಗೆ ಕಾರಣ ಬೇಕಾಗುವುದಿಲ್ಲ, ನೆವ ಸಿಕ್ಕರೆ ಸಾಕು. ನಾನು ಎತ್ತಿನ ಮೇಲೆ, ಬಸ್ ಕಂಡಕ್ಟರನ ಮೇಲೆ, ಆರಿದ ಚಹಾದ ಮೇಲೆ, ಒಮ್ಮೆ ಚಡಚಣದ ದ್ರಾಕ್ಷಿಯ ಮೇಲೆ ಕೂಡ ಸಿಟ್ಟು ಮಾಡಿದ್ದೇನೆ. ಹುಳಿ ಇತ್ತೆಂದಲ್ಲ. ಸಿಹಿ ಇದೆ ಎಂದು ಹೆಂಡತಿ ನನಗಿಂತ ಮೊದಲೇ ಹೇಳಿಬಿಟ್ಟಿದ್ದಳು, ಅದಕ್ಕೆ. ಆದರೆ ಕಂಪ್ಯೂಟರಿನ ಮೇಲೆ ಬಂದಂಥ ಸಿಟ್ಟು ಬೇರೆ ಯಾವುದರ ಮೇಲೂ ಬಂದಿಲ್ಲ. ಬೈದರೆ ಎತ್ತು ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಇದು ಸುಮ್ಮನೆ ಮುಖ ನೋಡುತ್ತ ಕೂತಿರುತ್ತದೆ.

ಇಂಡಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಊರಲ್ಲಿ ಇನ್ನೂ ನಾಲ್ಕೈದು ಕಡೆ ಮಾತ್ರ ಕಂಪ್ಯೂಟರ್ ಬಂದಿದ್ದ ಕಾಲ. ಲೆಕ್ಕ ಬರೆಯಲು ಅನುಕೂಲವಾದೀತೆಂದು ಸೊಲ್ಲಾಪುರದಿಂದ ಹಳೆಯದೊಂದನ್ನು ತಂದು, ಧೂಳು ತಾಗದಿರಲೆಂದು ಮನೆಯ ಪಡಸಾಲೆಯಲ್ಲಿಟ್ಟೆ. ಮಾರಿದವನು ಲೆಕ್ಕದ ಮಾತು ಬಿಟ್ಟು ಚಿತ್ರ ಬರೆಯುವ ಪ್ರೋಗ್ರಾಮನ್ನು ತೆರೆದು ತೋರಿಸಿದ್ದ. ಪೆನ್ಸಿಲ್, ಕುಂಚ, ರಬ್ಬರ್, ಬಣ್ಣ ಸುರಿಯುವ ಬಕೆಟ್ಟು ಎಲ್ಲ ಇದ್ದವು. ನಮ್ಮಂಗಡಿಯಲ್ಲಿ ಮಾರುವ ಔಷಧದ ಪಂಪಿನಂಥದೂ ಒಂದಿತ್ತು. ಒತ್ತಿದರೆ ಚಿಮುಚಿಮು ಬಣ್ಣ ಸಿಂಪಡಿಸುತ್ತಿತ್ತು. ಹುಳ ಮಾತ್ರ ಸಾಯುತ್ತಿರಲಿಲ್ಲ. ಆದರೆ ನನ್ನನ್ನು ಕೆಣಕಿದ್ದು ಬೇರೆಯೇ ಒಂದು ಸಂಗತಿ. ಗುಂಡಿಗಳ ಮೇಲೆಲ್ಲ ಬರೀ ಚಿತ್ರ, ಓದಲು ಒಂದಕ್ಷರವಿಲ್ಲ! ನಾನು ಮೆಟ್ರಿಕ್ ಪಾಸಾದವನು. ನನ್ನ ಮೆಟ್ರಿಕ್ಕಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆದರೂ ಮೊದಲ ದಿನ ನಮ್ಮ ಅಂಗಡಿಯನ್ನು ಬರೆಯಲು ಕೂತೆ. ಮೌಸ್ ಹಿಡಿದು ನೆಟ್ಟಗೆ ಗೆರೆ ಎಳೆದರೆ ಚಳಿಜ್ವರ ಬಂದವನ ಸಹಿಯಂತೆ ನಡುಗಿತು. ಹೇಗೋ ಬಾಗಿಲು ಬರೆದು ಅದರೊಳಗೆ ಹಸಿರು ಬಣ್ಣ ಸುರಿದೆ. ಗೆರೆಯಲ್ಲಿ ಎಲ್ಲಿಯೋ ಕೂದಲೆಳೆಯಷ್ಟು ಸಂದು ಉಳಿದಿತ್ತಂತೆ. ಬಾಗಿಲು, ಗೋಡೆ, ಆಕಾಶ, ಕಡೆಗೆ ಹಾಳೆಯೇ ಹಸಿರಾಯಿತು. ಹಿಂದೆ ನಿಂತಿದ್ದ ನನ್ನ ಹೆಂಡತಿ ನೀಲವ್ವ ಸೆರಗಿನಲ್ಲಿ ನಕ್ಕಳು.

"ಒಡ್ಡು ಗಟ್ಟಿ ಮಾಡದ ನೀರ ಬಿಟ್ರ ಮಂದಿ ಹೊಲಕ್ಕ ಹೋಗದ ಏನ ಮಾಡೀತ್ರಿ?"

"ನೀ ಸುಮ್ಮನ ಒಳಗ ಹೋಗು. ತವರೂರ ದೇವಣಗಾಂವದಾಗ ಮೂರನೇತ್ತೆಗೇ ಸಾಲಿ ಬಿಟ್ಟಾಕಿ ನನಗ ಹೇಳಾಕ ಬರ್ತಾಳ!"

ಅವಳು ಒಳಗೆ ಹೋಗಲಿಲ್ಲ. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಸುವರ್ಣಾ ಅವಳ ಕೈ ಹಿಡಿದು ಮೌಸ್ ಕಲಿಸಿದಳು. ವಾರದೊಳಗೆ ನಾನು ಅಂಗಡಿಯಿಂದ ಬರುವ ಹೊತ್ತಿಗೆ ನನ್ನ ಕುರ್ಚಿಯಲ್ಲಿ ನೀಲವ್ವ ಇರುತ್ತಿದ್ದಳು. ಅವಳಿಗೊಂದು ಹಳೆಯ ಸಂಕಟವಿತ್ತು. ತೀರಿಹೋದ ಅವ್ವನ ಒಂದೇ ಒಂದು ಇಳಕಲ್ ಸೀರೆ ಅವಳ ಟ್ರಂಕಿನಲ್ಲಿತ್ತು. ಎಂದಾದರೂ ಹುಟ್ಟುವ ಮೊಮ್ಮಗುವಿಗೆ ಹೊದಿಸಲು ಅದರದೇ ತುಂಡು ಜೋಡಿಸಿ ಕೌದಿ ಹೊಲಿಯಬೇಕೆಂಬ ಆಸೆ. ಆದರೆ ಒಮ್ಮೆ ಕತ್ತರಿ ಆಡಿಸಿದರೆ ಮುಗಿಯಿತು, ಅಂಥ ಸೀರೆ ಇನ್ನೊಂದಿಲ್ಲ. ಕತ್ತರಿ ಹಿಡಿಯುವುದು, ಕೆಳಗಿಡುವುದು, ಹೀಗೆ ವರ್ಷಗಳೇ ಕಳೆದಿದ್ದವು. ಈಗ ಕಂಪ್ಯೂಟರಿನಲ್ಲಿ ಚೌಕ ಚೌಕ ಬರೆದು, ಅಂಚು ಎಲ್ಲಿ, ಸೆರಗು ಎಲ್ಲಿ, ಒಡಲು ಎಲ್ಲಿ ಎಂದು ಬಣ್ಣ ಸುರಿದು ನೋಡುತ್ತಿದ್ದಳು. ಸರಿಬರದಿದ್ದರೆ ಅಳಿಸಿ ಮತ್ತೆ ಸುರಿಯುತ್ತಿದ್ದಳು. ಬಟ್ಟೆ ಹರಿಯಲಿಲ್ಲ, ದಾರ ಖರ್ಚಾಗಲಿಲ್ಲ. ಖರ್ಚಾದದ್ದು ನನ್ನ ತಾಳ್ಮೆ.

ಒಂದು ಮಧ್ಯಾಹ್ನ ಹಸಿದು, ಬಿಸಿಲು ತಲೆಗೇರಿಸಿಕೊಂಡು ಮನೆಗೆ ಬಂದೆ. ನೀಲವ್ವನ ಮುಖ ಅರಳಿತ್ತು.

"ಇವತ್ತ ಸರಿ ಕೂಡಿತು ನೋಡ್ರಿ! ಸುವರ್ಣಾ ಮಲಗ್ಯಾಳ, ಎದ್ದಮ್ಯಾಲ ಸೇವ್ ಮಾಡಸ್ತೇನಿ. ಅಲ್ಲೀತನಾ ಮುಟ್ಟಬ್ಯಾಡ್ರಿ."

ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು. ಮುಟ್ಟಬ್ಯಾಡ್ರಿ! ನನ್ನ ಮನೆಯಲ್ಲಿ, ನನ್ನ ಹಣದ ಯಂತ್ರವನ್ನು ನಾನೇ ಮುಟ್ಟಬಾರದು! ಕೂತೆ, ಪ್ರೋಗ್ರಾಮ್ ಮುಚ್ಚುವ ಮೂಲೆಯ ಕತ್ತರಿ ಗುರುತನ್ನು ಒತ್ತಿದೆ. ಆಗ ಯಂತ್ರ ಬಹಳ ಮರ್ಯಾದೆಯಿಂದ ಕೇಳಿತು, ಬದಲಾವಣೆಗಳನ್ನು ಉಳಿಸಿಕೊಳ್ಳಲೇ ಎಂದು. ಕೆಳಗೆ ಯೆಸ್, ನೋ, ಕ್ಯಾನ್ಸಲ್. ಕಡೆಗೂ ಓದಲು ಅಕ್ಷರ ಸಿಕ್ಕವು, ಕಡೆಗೂ ಯಾರೋ ನನ್ನ ಅಪ್ಪಣೆ ಕೇಳಿದರು. ನನಗೆ ಚೆನ್ನಾಗಿ ಬರುವ ಇಂಗ್ಲಿಷ್ ಪದ ಒಂದೇ. ಬದಲಾವಣೆ ಬೇಕೇ ಎಂದು ಯಾರು ಕೇಳಿದರೂ ಜೀವನವಿಡೀ ಕೊಟ್ಟ ಉತ್ತರವನ್ನೇ ಕೊಟ್ಟೆ. ನೋ.

ಕೌದಿ ಮಾಯವಾಯಿತು. ಗಾಬರಿಯಲ್ಲಿ ಯಂತ್ರವನ್ನೂ ಬಂದ್ ಮಾಡಿದೆ. ನೀಲವ್ವ ತಾಟು ಹಿಡಿದು ಬಂದು ಕಪ್ಪಾದ ಪರದೆ ನೋಡಿದಳು.

"ಇದೇನ್ರಿ?"

"ಕರೆಂಟ್ ಹೋಗಿತ್ತು," ಎಂದೆ. ಅಷ್ಟು ಸಲೀಸಾಗಿ ನಾನು ಗೊಬ್ಬರದ ಬೆಲೆಯನ್ನೂ ಹೇಳಿದವನಲ್ಲ.

ಅವಳು ಮತ್ತೆ ಎರಡು ಮೂರು ದಿನ ಕೂತಳು, ಆ ಹೊಂದಿಕೆ ಮತ್ತೆ ಬರಲಿಲ್ಲ. ಅಷ್ಟರಲ್ಲಿ ಹೆರಿಗೆಯಾಯಿತು. ಅಂದಾಜಿನ ಮೇಲೆ ಸೀರೆ ಕತ್ತರಿಸಿದಳು. ಅಂಚು ಒಂದು ಮೂಲೆಗೆ ಸಾಲದೆ ಬಂತು. ಅಲ್ಲಿಗೆ ನನ್ನ ಹಳೆಯ ಪಟಾಪಟಿ ಚಣ್ಣದ ತುಂಡು ಕೂತಿತು. ಅಜ್ಜಿಯ ಅವ್ವನ ಇಳಕಲ್ಲಿನ ಪಕ್ಕದಲ್ಲಿ ಅಜ್ಜನ ಚಣ್ಣ! ಬಾಣಂತಿಯನ್ನು ನೋಡಲು ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡಿದರು.

ಅಂದಿನಿಂದ, ಕರೆಂಟ್ ತೆಗೆದವನೆಂದು, ನಮ್ಮ ಓಣಿಯ ಲೈನ್‌ಮನ್ ಪರಸುವಿಗೆ ಶನಿ ಹತ್ತಿತು. ಕೌದಿ ಕಣ್ಣಿಗೆ ಬಿದ್ದಾಗಲೆಲ್ಲ ನೀಲವ್ವ ಶುರುಮಾಡುತ್ತಿದ್ದಳು: "ಆ ಪರಸ್ಯಾನ ಕೈಗೆ ಲಕ್ವಾ ಹೊಡೀಲಿ! ತಲಿ ಬೆಳ್ಳಗಾದ್ರೂ ಬುದ್ಧಿ ಬರಲಿಲ್ಲ ಆ ಭಾಡ್ಯಾಗ!" ಪರಸು ಇನ್ನೂ ಮೂವತ್ತು ದಾಟದ, ಕಪ್ಪು ಗುಂಗುರು ಕೂದಲಿನವನು. ಸಿಟ್ಟಿನಲ್ಲಿ ಹೆಣ್ಣುಮಕ್ಕಳು ವಯಸ್ಸು ನೋಡುವುದಿಲ್ಲ ಎಂದುಕೊಂಡೆ. ಪಾಪಪ್ರಜ್ಞೆ ತಡೆಯದೆ, ಅವನು ಸಿಕ್ಕಾಗಲೆಲ್ಲ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಅವನು ನಗುತ್ತ ಕುಡಿಯುತ್ತಿದ್ದ.

ಮೊನ್ನೆ ಸುವರ್ಣಾ ಎರಡನೆಯ ಹೆರಿಗೆಗೆ ಬಂದಳು. ಟ್ರಂಕಿನಿಂದ ಕೌದಿ ಹೊರಬಂತು, ಜೊತೆಗೆ ಲಕ್ವಾ, ಭಾಡ್ಯಾ ಎಲ್ಲ ಹೊರಬಂದವು. ಇನ್ನು ತಾಳಲಾಗಲಿಲ್ಲ.

"ಏ, ಅವಗ ಯಾಕ ಬೈತೀ? ಅಳಿಸಿದಾಂವ ನಾ."

ನೀಲವ್ವ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ. ನಮ್ಮ ಅಡಿಗಿಮನ್ಯಾಗ ಹಗಲೂ ದೀಪ ಬೇಕು. ಅವತ್ತ ಅದು ಕಣ್ಣ ಸೈತ ಮಿಟುಕಿಸಲಿಲ್ಲ."

"ಮತ್ತ ಇಷ್ಟ ವರ್ಷ ಆ ಬಡಪಾಯಿಗೆ ಬೈದಿಯಲ್ಲ?"

"ಗಂಡನ ಹೆಸರ ಹಿಡದು ಬೈಬಾರದಂತ ನಮ್ಮವ್ವ ಕಲಿಸ್ಯಾಳ. ಹೆಸರಷ್ಟ ಅವಂದು. ಬೈಗಳ ನಿಮ್ಮವು."

"ಅವನ ಕಿವಿಗೆ ಬಿದ್ದಿದ್ರ?"

"ಅವಗ ಅವತ್ತ ಹೇಳೀನಿ. ನೀವು ಅಂಗಡಿಗೆ ಹೋದಾಗ ಬಂದು ಚಾ ಕುಡೀತಾನ. 'ಈ ವಾರ ನನ್ನ ಹೆಸರೀಲೆ ಕಾಕಾಗ ಎಷ್ಟ ಬೈದ್ರಿ, ಕಾಕೂ?' ಅಂತ ಕೇಳ್ತಾನ."

ಹೋಟೆಲಿನಲ್ಲಿ ಅವನು ಅಷ್ಟೊಂದು ನಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಉರಿದುಹೋಯಿತು. ಅವನಿಗೆ ಬಾಯಿ ತುಂಬ ಬೈದೇಬಿಡಬೇಕೆಂದು "ಆ ಪರಸ್ಯಾನ..." ಎಂದು ಶುರುಮಾಡಿದೆ, ಅಲ್ಲಿಗೇ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಆ ಹೆಸರು ಹಿಡಿದು ಯಾರು ಬೈದರೂ ಅದು ತಗಲುವುದು ನನಗೇ.