ಮೈನಸ್ ನಲವತ್ತರ ಮಧ್ಯಾಹ್ನ

"ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ಕಣೇ ನಾನು! ಒಂದು ಕಾರು ನನಗೇ ಸುಳ್ಳು ಹೇಳಿ ದಕ್ಕಿಸ್ಕೊಳ್ಳುತ್ತಾ? ಅರ್ಧ ಗಂಟೆ ಕೊಡು. ರೋಗ, ಚಿಕಿತ್ಸೆ ಎರಡೂ ಮುಗಿಸಿ ಕೈ ತೊಳ್ಕೊಂಡು ಬರ್ತೀನಿ!"

ಮಧ್ಯಾಹ್ನ ಒಂದೂವರೆಗೆ ಮೇಷ್ಟ್ರು ಹೀಗೆ ಘೋಷಿಸಿದಾಗ, ಅವರ ಹೆಂಡತಿಗೆ ಕಾರಿನ ಕೀಲಿಕೈ ಕಿತ್ತುಕೊಂಡು ಎಲ್ಲಾದರೂ ಬಚ್ಚಿಡೋಣ ಎನ್ನಿಸಿದ್ದು ನಿಜ. ಆದರೆ ಪಾಪ, ಎರಡೂ ಕೈಗೆ ಕ್ರೀಮು ಮೆತ್ತಿತ್ತು.

ಕಾರು ಹೇಳುತ್ತಿದ್ದ ಸುಳ್ಳಾದರೂ ಎಂಥದ್ದು! ಹೊರಗೆ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವಷ್ಟು ಬಿಸಿಲು. ಕಾರಿನ ಪರದೆಯ ಮೇಲೆ ಮಾತ್ರ, ಹೊರಗಿನ ಉಷ್ಣಾಂಶ ಮೈನಸ್ ನಲವತ್ತು! ಅದರ ಪಕ್ಕದಲ್ಲೊಂದು ಹಿಮದ ಹರಳಿನ ಚಿತ್ರ, ರಸ್ತೆ ಜಾರೀತು ಜೋಕೆ ಎಂಬ ಎಚ್ಚರಿಕೆ ಬೇರೆ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇಂಥ ಕೊರೆಯುವ ಚಳಿಯಲ್ಲಿ ಯಾರಿಗೆ ಬೇಕು ಏಸಿ ಎಂದು ಕಾರು ತಾನೇ ತೀರ್ಮಾನಿಸಿ, ಏನು ಒತ್ತಿದರೂ ಬಿಸಿಗಾಳಿಯನ್ನೇ ಊದುತ್ತಿತ್ತು.

ಏಸಿ ಬೇಕಾಗಿದ್ದದ್ದು ಮೇಷ್ಟ್ರಿಗಲ್ಲ, ಕೇಕಿಗೆ. ಹೆಂಡತಿ ಮನೆಯಲ್ಲೇ ಕೇಕು ಮಾಡಿ ಕೊಡುವ ಕೆಲಸ ಶುರುಮಾಡಿ ಆರು ತಿಂಗಳಾಗಿತ್ತು. ಊರಿನ ಆ ತುದಿಯ ನರ್ಸುಗಳ ಹಾಸ್ಟೆಲ್ಲಿನಿಂದ ಮೊದಲ ದೊಡ್ಡ ಆರ್ಡರು ಬಂದಿತ್ತು. ಮೂರು ಅಂತಸ್ತಿನ ಕ್ರೀಮ್ ಕೇಕು, ಸಂಜೆ ನಾಲ್ಕಕ್ಕೆ. "ಕೇಕು ನೆಟ್ಟಗೆ ನಿಂತು ಬಂದ್ರೆ ಇನ್ಮೇಲೆ ನಮ್ಮ ಹುಟ್ಟುಹಬ್ಬದ ಕೇಕೆಲ್ಲ ನಿಮ್ಮದೇ" ಎಂದಿದ್ದಳು ವಾರ್ಡನ್ನು. ಬೆಳಿಗ್ಗೆ ಐದರಿಂದ ನಿಂತೇ ಇದ್ದ ಹೆಂಡತಿ ಕೇಕನ್ನು ಫ್ರಿಜ್ಜಿನಲ್ಲಿಟ್ಟು ಮೇಷ್ಟ್ರ ಎದುರು ಬಂದಳು.

"ರೀ, ಮೆಕ್ಯಾನಿಕ್ಕಿಗೆ ಫೋನ್ ಮಾಡಿ."

"ಅವನಿಗೇನೇ ಗೊತ್ತು? ಕೇಳು. ಚಳಿ ಬಿಸಿಲು ಅಳೆಯೋ ಸೆನ್ಸರ್ ಅಂದ್ರೆ ಕರೆಂಟಿಗೆ ಒಂದು ತಡೆ. ಚಳಿ ಹೆಚ್ಚಾದಷ್ಟೂ ತಡೆ ಹೆಚ್ಚು. ವೈರೇ ಕಡಿದು ಹೋದ್ರೆ ತಡೆಗೆ ಕೊನೆಯೇ ಇಲ್ಲ. ಆಗ ಕಾರು, ಅಯ್ಯೋ ಮಹಾಚಳಿ ಅಂತ ತಿಳ್ಕೊಳ್ಳುತ್ತೆ. ಎಷ್ಟು ಸರಳ!"

"ಅಷ್ಟು ಸರಳವಾಗಿದ್ರೆ ಮಾಡಿ ಮುಗಿಸಿ. ಅರ್ಧ ಗಂಟೆ ಸೊಂಟ ನೆಟ್ಟಗೆ ಮಾಡ್ಕೊಂಡು ಬರ್ತೀನಿ. ಫ್ರಿಜ್ ಮುಟ್ಟಬೇಡಿ!"

ಮೇಷ್ಟ್ರಿಗೆ ಒಂದು ಅಭ್ಯಾಸ. ಬಲ್ಬು ಬದಲಾಯಿಸುವುದಿದ್ದರೂ ಲ್ಯಾಬ್ ರೆಕಾರ್ಡು ಬರೆಯದೆ ಕೈ ಹಾಕುವವರಲ್ಲ. ಹಳೆಯ ರೆಕಾರ್ಡು ಪುಸ್ತಕ ಬಿಡಿಸಿ ಬರೆದರು. ಉದ್ದೇಶ: ಕಾರಿನ ಸೆನ್ಸರಿನ ದೋಷ ಪತ್ತೆ ಹಚ್ಚುವುದು. ಬೇಕಾಗುವ ಸಾಮಗ್ರಿ: ತಡೆ ಅಳೆಯುವ ಮೀಟರು, ಥರ್ಮಾಮೀಟರು, ಸ್ಕ್ರೂಡ್ರೈವರು, ತಾಳ್ಮೆ.

"ಕೊನೇದು ನಮ್ಮನೇಲಿಲ್ಲ ಅಳಿಯಂದ್ರೇ" ಎಂದರು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕನ್ನಡಕದೊಳಗಿಂದ ಎಲ್ಲವನ್ನೂ ಓದುತ್ತಿದ್ದ ಅತ್ತೆ.

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಕೂತಲ್ಲಿ ಕೂರಲಾರದ ಜೀವ! ಒಂದು ಸ್ಕ್ರೂ ಬಿಚ್ಚಿ ಗಡಿಯಾರ ನೋಡಿದರು, ಇನ್ನೊಂದು ಬಿಚ್ಚಿ ಆಕಾಶ ನೋಡಿದರು, ಮೂರನೆಯದು ಉರುಳಿಹೋದದ್ದನ್ನು ಕಾರಿನಡಿ ತೆವಳಿ ಹುಡುಕಿದರು. ಅಂತೂ ಮುಂದಿನ ಬಂಪರು ದಢಾರನೆ ಕಳಚಿ ಅವರ ತೊಡೆಯ ಮೇಲೇ ಕೂತಿತು. ಅದರ ಬೆನ್ನಿಗೆ ಕಡಲೆಕಾಳಿನ ಗಾತ್ರದ ಕರೀ ಸೆನ್ಸರು ಅಂಟಿಕೊಂಡಿತ್ತು. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ ಕುಣಿದಾಡಿಬಿಟ್ಟರು.

"ಅತ್ತೇ, ನೋಡಿ! ಇದಕ್ಕೆ ವೈರೇ ಇಲ್ಲ! ವೈರ್‌ಲೆಸ್ ಸೆನ್ಸರು! ವಿಜ್ಞಾನ ಎಲ್ಲಿಗೆ ಬಂತು ನೋಡಿ!"

"ವೈರಿಲ್ದೆ ಹೇಗಪ್ಪಾ ಸುದ್ದಿ ಹೋಗುತ್ತೆ?"

"ಗಾಳಿಯಲ್ಲಿ, ಅತ್ತೇ. ನಿಮಗೆ ಅರ್ಥ ಆಗಲ್ಲ ಬಿಡಿ."

ಅತ್ತೆ ಬಿಟ್ಟರು.

ಬಿಸಿಲಿನಲ್ಲಿ ಹಿಡಿದು ಮೀಟರು ಹಚ್ಚಿದರೆ ಸೆನ್ಸರು ಸರಿಯಾದ ಲೆಕ್ಕವನ್ನೇ ಕೊಟ್ಟಿತು. ಇನ್ನು ಚಳಿಯಲ್ಲಿ ನೋಡಬೇಕು. ಚಳಿ ಎಲ್ಲಿದೆ? ಇಡೀ ಮನೆಗೆ ಚಳಿ ಇರುವುದು ಒಂದೇ ಕಡೆ! ಮುಟ್ಟಬೇಡಿ ಎಂದದ್ದು ಕೇಕನ್ನು, ಫ್ರಿಜ್ಜನ್ನಲ್ಲ ಎಂದು ಮೇಷ್ಟ್ರು ತಮಗೆ ತಾವೇ ಸಮಜಾಯಿಷಿ ಕೊಟ್ಟುಕೊಂಡು, ಸೆನ್ಸರನ್ನೂ ಥರ್ಮಾಮೀಟರನ್ನೂ ಕೇಕಿನ ಪಕ್ಕದಲ್ಲಿಟ್ಟರು. ಮೀಟರಿನ ವೈರುಗಳು ಅಡ್ಡ ಬಂದು ಬಾಗಿಲು ಪೂರ್ತಿ ಮುಚ್ಚಲಿಲ್ಲ. ಇರಲಿ, ಎರಡೇ ಬೆರಳಿನಷ್ಟು ಸಂದು. ಆದರೆ ಥರ್ಮಾಮೀಟರು ಓದಲು ಎರಡೆರಡು ನಿಮಿಷಕ್ಕೆ ಬಾಗಿಲು ತೆಗೆಯಬೇಕಲ್ಲ! ತೆಗೆದರು, ಓದಿದರು, ಬರೆದರು, ಮತ್ತೆ ತೆಗೆದರು. ಸಾಲದ್ದಕ್ಕೆ, ಚಳಿ ಯಾಕೆ ಏರುತ್ತಲೇ ಇಲ್ಲ ಎಂದು ತಲೆಯನ್ನೇ ಒಳಗೆ ತೂರಿಸಿ ಒಂದು ನಿಮಿಷ ಯೋಚಿಸಿದರು. ಇಪ್ಪತ್ತು ಸಾಲಿನ ಕೋಷ್ಟಕ ತುಂಬಿತು. ಸೆನ್ಸರು ಅಪ್ಪಟ ಬಂಗಾರ!

"ಸೆನ್ಸರಿನಲ್ಲಿ ದೋಷವಿಲ್ಲ! ಕಾರಿನ ಮೆದುಳೇ ಕೆಟ್ಟಿದೆ!" ಎಂದು ಮೇಷ್ಟ್ರು ಕೂಗಿದ್ದಕ್ಕೆ ಹೆಂಡತಿ ದಡಬಡಿಸಿ ಎದ್ದು ಬಂದಳು. ಬಂದವಳು ಫ್ರಿಜ್ಜಿನ ಮುಂದೆ ನಿಂತುಬಿಟ್ಟಳು.

ಮೂರನೇ ಅಂತಸ್ತು ಎರಡನೆಯದರ ಹೆಗಲ ಮೇಲೆ ತಲೆಯಿಟ್ಟು ಒರಗಿತ್ತು. ಕ್ರೀಮಿನ ಗುಲಾಬಿಗಳು ಒಂದೊಂದಾಗಿ ಜಾರಿ ತಟ್ಟೆಗೆ ಇಳಿಯುತ್ತಿದ್ದವು. ಅವಳು ಬೈಯಲಿಲ್ಲ. "ಆರು ತಿಂಗಳು ಕಾದಿದ್ದೆ ರೀ" ಎಂದಳು ಅಷ್ಟೆ. ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಈ ಮಾತು ಕೇಳಿ ಸೆನ್ಸರು, ಮೀಟರುಗಳನ್ನೆಲ್ಲ ಬಾಚಿಕೊಂಡು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

ಆಗ ಅತ್ತೆ ಹೊರಗಿನಿಂದಲೇ ಕೇಳಿದರು: "ಅಳಿಯಂದ್ರೇ, ಹೋದ ಭಾನುವಾರ ಹಾರನ್ನು ಬದಲಾಯಿಸೋಕೆ ಇದನ್ನೆಲ್ಲ ಬಿಚ್ಚಿದ್ರಲ್ಲ?"

"ಹೂಂ."

"ತಿರುಗಿ ಹಾಕ್ವಾಗ ಒಂದು ವೈರು ಮಿಕ್ಕಿತ್ತು. ಕಂಪನಿಯೋರು ಹೆಚ್ಚಿಗೆ ಕೊಟ್ಟಿದ್ದಾರೆ, ಧಾರಾಳಿಗಳು ಅಂತ ಕರೀ ಟೇಪು ಸುತ್ತಿ ಒಳಗೆ ತುರುಕಿದ್ರಿ. ಅದೋ, ಜೋತಾಡ್ತಾ ಇದೆ. ಅದ್ಯಾವ ರೇಡಿಯೋದ್ದು?"

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಹೋಗಿ ಟೇಪು ಬಿಚ್ಚಿದರು. ತುದಿಯ ಪ್ಲಗ್ಗು ಸೆನ್ಸರಿನ ಬಾಲಕ್ಕೆ ಟಕ್ಕನೆ ಕೂತಿತು. ಕಾರು ಚಾಲೂ ಮಾಡಿದರೆ ಮೂವತ್ತಾರು ಡಿಗ್ರಿ! ಹಿಮದ ಹರಳು ಮಾಯ! ಏಸಿ ಗುಂಯ್ ಎಂದು ತಣ್ಣನೆಯ ಗಾಳಿ ಬಿಟ್ಟಿತು.

"ಎಲ್ಲಾ ಗಾಳೀನೂ ಹಿಂದಕ್ಕೆ ತಿರುಗಿಸಿ! ಚೂರಿ ತನ್ನಿ, ಉಳಿದ ಕ್ರೀಮು ತನ್ನಿ!" ಹೆಂಡತಿ ಕೇಕಿನ ಸಮೇತ ಹಿಂದಿನ ಸೀಟಿಗೆ ನುಗ್ಗಿದಳು. ಕಾರೇ ಫ್ರಿಜ್ಜಾಯಿತು, ಅದೇ ಅಡುಗೆಮನೆಯೂ ಆಯಿತು. ಮುಕ್ಕಾಲು ಗಂಟೆ ಗೋಪುರ ಎತ್ತಿ, ಒರೆಸಿ, ಹೊಸ ಗುಲಾಬಿ ಅರಳಿಸಿದಳು. ಮೇಷ್ಟ್ರು ಹೊರಗೆ ಬಿಸಿಲಿನಲ್ಲಿ ಬಂಪರನ್ನು ಅಪ್ಪಿಕೊಂಡು ಶಿಕ್ಷೆಗೆ ನಿಂತವರಂತೆ ನಿಂತಿದ್ದರು. ಅದನ್ನು ಹಾಕಲು ಸಮಯವೆಲ್ಲಿ? ಮೂತಿಯಿಲ್ಲದ ಕಾರು ದಾರಿಯುದ್ದಕ್ಕೂ ಜನರನ್ನು ನಗಿಸುತ್ತ, ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಹಾಸ್ಟೆಲ್ಲು ತಲುಪಿತು. ಕೇಕು ನೆಟ್ಟಗೆ ನಿಂತಿತ್ತು. ವಾರ್ಡನ್ನು ಸುತ್ತಲೂ ಒಂದು ಸುತ್ತು ಬಂದು ನೋಡಿ, ಮುಂದಿನ ತಿಂಗಳ ಎರಡು ಹುಟ್ಟುಹಬ್ಬಗಳ ತಾರೀಕು ಅಲ್ಲೇ ಬರೆಸಿದಳು.

ವಾಪಸ್ಸು ಬರುವಾಗ ಮೇಷ್ಟ್ರಿಗೆ ಮತ್ತೆ ಜೀವ ಬಂತು. "ನೋಡಿದ್ಯಾ? ನಾನು ಹೇಳಿರಲಿಲ್ವಾ, ವೈರು ಕಡಿದ್ರೆ ಮಹಾಚಳಿ ಅಂತ? ನನ್ನ ಸಿದ್ಧಾಂತ ಒಂದು ಎಳೆ ತಪ್ಪಿಲ್ಲ!"

ಹೆಂಡತಿ ಕಿಟಕಿಯಾಚೆ ನೋಡುತ್ತ ನಕ್ಕಳು.

ಸಂಜೆ ಮೇಷ್ಟ್ರು ತೀರ್ಮಾನ ಬರೆಯಲು ಉತ್ಸಾಹದಿಂದ ರೆಕಾರ್ಡು ಬಿಡಿಸಿದರು. ಯಾರೋ ಆಗಲೇ ಬರೆದಿದ್ದರು. ಮೂವತ್ತು ವರ್ಷ ಅವರು ಮಕ್ಕಳ ಪುಸ್ತಕಗಳ ಮೇಲೆ ಓಡಿಸಿದ ಅದೇ ಕೆಂಪು ಪೆನ್ನು, ಹೆಂಡತಿಯ ದುಂಡಗಿನ ಅಕ್ಷರ. ಇಪ್ಪತ್ತು ಸಾಲಿನ ಕೋಷ್ಟಕದ ಮೇಲೆ ಉದ್ದಕ್ಕೊಂದು ಗೀಟು. ಕೆಳಗೆ: "ವಿದ್ಯಾರ್ಥಿ ಬುದ್ಧಿವಂತ. ಹೇಳಿದ ಮಾತು ಕೇಳುವುದಿಲ್ಲ. ನಾಳೆ ಪೋಷಕರನ್ನು ಕರೆದುಕೊಂಡು ಬರತಕ್ಕದ್ದು."

ಅದರ ಕೆಳಗೆ, ಪೋಷಕರ ಸಹಿ ಎಂಬಲ್ಲಿ, ಅತ್ತೆ ಆಗಲೇ ಸಹಿ ಹಾಕಿಯಾಗಿತ್ತು.